ಹಂಡೆ ನೀರು ಪುಕ್ಕಟೆಯೇ?

ಮಂಡ್ಯ ಸೀಮೆಯಲ್ಲಿ ಮನೆ ಬೆಚ್ಚಗಿರಲೆಂದು ಯಾರೂ ಸೌದೆ ಉರಿಸುವುದಿಲ್ಲ. ಮಾಗಿಯ ಬೆಳಗಿನಲ್ಲೂ ನಮಗೆ ಉರಿ ಬೇಕಾಗುವುದು ಬಚ್ಚಲ ಹಂಡೆಯ ಕೆಳಗೆ. ಹಿತ್ತಲಲ್ಲೋ ಬದುವಿನ ಮೇಲೋ ಬೆಳೆದ ಮರವನ್ನು ತಾನೇ ಕಡಿದುಕೊಂಡವನಿಗೆ ಈ ಬಿಸಿನೀರು ಪುಕ್ಕಟೆ ಎಂಬ ಮಾತು ಸಾಮಾನ್ಯ. ಲೆಕ್ಕ ಹಾಕಿದರೆ ಅದು ಅಷ್ಟು ಸಲೀಸಾಗಿ ಕೂಡಿಬರುವುದಿಲ್ಲ.

40 ಲೀಟರ್ ನೀರನ್ನು 25 ಡಿಗ್ರಿಯಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 8.4 ಮೆಗಾಜೂಲ್ ಶಾಖ ಬೇಕು. ತೂಕದ ಐದನೇ ಒಂದು ಭಾಗದಷ್ಟು ಮಾತ್ರ ನೀರು ಉಳಿದಿರುವ ಒಣ ಸೌದೆಯಿಂದ ಕಿಲೋಗೆ ಸುಮಾರು 14 ಮೆಗಾಜೂಲ್ ಸಿಗುತ್ತದೆ. ಆ ಶಾಖದಲ್ಲಿ ಐದನೇ ಒಂದು ಪಾಲು ಹಂಡೆಗೆ ಮುಟ್ಟಿ, ಉಳಿದದ್ದು ಗೋಡೆಗೂ ಗಾಳಿಗೂ ಹೋಗುತ್ತದೆ ಎಂದಿಟ್ಟುಕೊಂಡರೆ, ಒಂದು ಹಂಡೆಗೆ 3 ಕಿಲೋ ಸೌದೆ ಬೇಕು. 14.2 ಕಿಲೋ ಅನಿಲದ ಸಿಲಿಂಡರಿನಲ್ಲಿ ಇಂಥ 50 ಹಂಡೆ ಕಾಯುತ್ತವೆ. ಹಾಗಾಗಿ 150 ಕಿಲೋ ಒಣ ಸೌದೆ ಒಂದು ಸಿಲಿಂಡರಿಗೆ ಸಮ. ಸಿಲಿಂಡರಿಗೆ ₹900 ಎಂದು ಹಿಡಿದರೆ ಸೌದೆಗೆ ಕಿಲೋಗೆ ₹6 ಬೆಲೆ ಬಂತು.

ಅಷ್ಟು ಒಣ ಸೌದೆ ಆಗಬೇಕಾದರೆ, ಅರ್ಧ ತೂಕ ನೀರೇ ಇರುವ ಹಸಿ ಮರವನ್ನು 240 ಕಿಲೋ ಕಡಿಯಬೇಕು. ಕಡಿದು, ಸೀಳಿ, ಹೊತ್ತು ತಂದು ಪೇರಿಸಲು ಒಬ್ಬರಿಗೆ ಒಂದು ದಿನ ಹಿಡಿಯಿತು ಎನ್ನೋಣ. ಕೂಲಿ ಕೊಟ್ಟು ಮಾಡಿಸಿದರೂ ನಷ್ಟವಿಲ್ಲ, ಸುಗ್ಗಿ ಮುಗಿದ ಬಿಡುವಿನಲ್ಲಿ ತಾನೇ ಮಾಡಿಕೊಂಡರೆ ಲಾಭವೇ. ಲೆಕ್ಕ ಸಾಮಾನ್ಯವಾಗಿ ಇಲ್ಲಿಗೆ ನಿಂತುಬಿಡುತ್ತದೆ. ಆದರೆ ಒಲೆ ಹೊತ್ತಿಸಿ, ಸೌದೆ ಮುಂದಕ್ಕೆ ತಳ್ಳುತ್ತ ಕೂರಲು ದಿನಕ್ಕೆ 20 ನಿಮಿಷ ಹೋದರೂ 50 ಹಂಡೆಗೆ ಹದಿನಾರು ಗಂಟೆ ಮೀರುತ್ತದೆ, ಎಂದರೆ ಎರಡು ದಿನದ ದುಡಿಮೆ. ಕೊಡಲಿ ಹಿಡಿದವನ ಒಂದು ದಿನ ಲೆಕ್ಕಕ್ಕೆ ಬರುತ್ತದೆ. ಒಲೆಯ ಮುಂದೆ ಹೆಚ್ಚಾಗಿ ಕೂರುವ ಹೆಂಗಸಿನ ಎರಡು ದಿನ ಬರುವುದಿಲ್ಲ.

ಸೌದೆ ಹಸಿಯಾಗಿದ್ದರೆ ಈ ಹೊತ್ತು ಇನ್ನೂ ಬೆಳೆಯುತ್ತದೆ. ಹಸಿ ಸೀಳನ್ನು ಒಲೆಗೆ ತುರುಕಿದರೆ ಹೊರಗುಳಿದ ತುದಿಯಲ್ಲಿ ನೊರೆ ಉಕ್ಕಿ ಬುಸುಗುಡುತ್ತದೆ. ಅದು ಮರದ ಒಳಗಿನ ನೀರು ಕುದಿದು ಹೊರಬರುವ ಪರಿ. ವಿಚಿತ್ರವೆಂದರೆ, ಆ ನೀರನ್ನು ಆವಿಯಾಗಿಸಲು ಖರ್ಚಾಗುವ ಶಾಖ ಕಾಗದದ ಲೆಕ್ಕದಲ್ಲಿ ದೊಡ್ಡದಲ್ಲ: ಅದೇ ತುಂಡನ್ನು ಒಣಗಿಸಿ ಉರಿಸಿದ್ದಕ್ಕಿಂತ ಸಿಗುವ ಶಾಖ ಹತ್ತನೇ ಒಂದು ಭಾಗದಷ್ಟು ಕಡಿಮೆ, ಅಷ್ಟೆ. ನಿಜವಾದ ನಷ್ಟ ಬೇರೆ ಕಡೆಯದು. ಮರ ಕಾದಾಗ ಹೊರಡುವ ಅನಿಲಗಳು ಹೊತ್ತಿಕೊಂಡರೆ ಮಾತ್ರ ಉರಿ ಏಳುತ್ತದೆ; ಆವಿಯಿಂದ ಒಲೆ ತಣ್ಣಗಾದರೆ ಅವು ಉರಿಯದೆ ಹೊಗೆಯಾಗಿ ಹೋಗುತ್ತವೆ. ಕಣ್ಣುರಿಸುವ ಆ ಹೊಗೆ, ಉರಿಯದೆ ಉಳಿದ ಸೌದೆಯೇ.

ಈ ದೃಷ್ಟಿಯಿಂದ, ಕೊಡಲಿಯ ಸೌದೆಗಿಂತ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆಗಳೇ ಅಗ್ಗ ಎಂದು ನನಗನ್ನಿಸುತ್ತದೆ. ಕಡ್ಡಿಯನ್ನು ಹೇಗೂ ಕತ್ತರಿಸಲೇಬೇಕು, ಸಣ್ಣದಾದ್ದರಿಂದ ಬೇಗ ಒಣಗುತ್ತದೆ. ಆದರೆ ಬೇಗ ಉರಿದೂ ಹೋಗುವುದರಿಂದ ಒಲೆಯ ಮುಂದಿನಿಂದ ಏಳುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಹಾಗೆ ಕೆಳಗೆ ಗಾಳಿಗೆ ಜಾಲರಿ, ಮೇಲೆ ಹೊಗೆಗೆ ಚಿಮಣಿ ಇರುವ ಒಲೆಯಲ್ಲಿ ಶಾಖದ ಐದನೇ ಎರಡು ಪಾಲು ದಕ್ಕಿದರೆ ಸೌದೆ ಅರ್ಧಕ್ಕಿಳಿಯುತ್ತದೆ.

ಮರ ಕಡಿಯುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನೂ ನೆನಪಿಡಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿಯಿದೆ, ಮಿಕ್ಕವಕ್ಕೆ ಸ್ವಂತ ಜಮೀನಿನಲ್ಲಿದ್ದರೂ ಅನುಮತಿ ಬೇಕು. ಕಡಿದದ್ದನ್ನು ಕೂಡಲೇ ಸೀಳುವುದು ಒಳ್ಳೆಯದು, ಏಕೆಂದರೆ ತೊಗಟೆ ನೀರನ್ನು ಹಿಡಿದಿಡುತ್ತದೆ. ಶಿವರಾತ್ರಿಯ ಹೊತ್ತಿಗೆ ಕಲ್ಲುಗಳ ಮೇಲೆ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, 10 ಕಿಲೋ ತೂಗುವ ಒಂದು ಹೊರೆಯನ್ನು ಮಾತ್ರ ಗುರುತಿಗೆ ಬೇರೆ ಕಟ್ಟಿಡಬೇಕು. ಮುಂಗಾರಿಗೆ ಮುಂಚೆ ಅದನ್ನು ಮತ್ತೆ ತೂಗಿದಾಗ ಆರೂಕಾಲು ಕಿಲೋದ ಆಸುಪಾಸಿಗೆ ಇಳಿದಿದ್ದರೆ, ಎಂದರೆ ನೀರು ತೂಕದ ಐದನೇ ಒಂದು ಭಾಗಕ್ಕೆ ಬಂದಿದ್ದರೆ, ಸೌದೆಯನ್ನು ಸೂರಿನಡಿಗೆ ಸೇರಿಸಬಹುದು.