ಪ್ರವಾಸಿ ದೋಣಿ, ಯುದ್ಧನೌಕೆ ಎರಡನ್ನೂ ಕಟ್ಟಿದ ಫಿಯೊಡೋಸಿಯಾ

ಕ್ರೈಮಿಯಾದ ಫಿಯೊಡೋಸಿಯಾ ಊರಿನ ಪಕ್ಕ, ಕಪ್ಪು ಸಮುದ್ರದ ದಡದಲ್ಲಿ ‘ಮೋರೆ’ ಅನ್ನೋ ಸರ್ಕಾರಿ ಶಿಪ್‌ಯಾರ್ಡ್ ಇದೆ. ಶುರುವಾದದ್ದು 1938ರಲ್ಲಿ. ಆಗ ಅದು ಸೋವಿಯತ್ ಒಕ್ಕೂಟದ್ದು. 1991ರ ನಂತರ ಉಕ್ರೇನಿನದ್ದಾಯಿತು. 2014ರಿಂದ ರಷ್ಯಾದ ಹಿಡಿತದಲ್ಲಿದೆ. ನೌಕಾಪಡೆಯ ಹಡಗು ಕಟ್ಟುತ್ತಿದ್ದ ಈ ಜಾಗದಲ್ಲೇ ಜನ ರಜೆಯಲ್ಲಿ ಸುತ್ತಾಡುವ ಹೈಡ್ರೋಫಾಯಿಲ್‌ಗಳೂ, ಅಂದರೆ ನೀರೊಳಗಿನ ರೆಕ್ಕೆಯ ಬಲದಲ್ಲಿ ಮೇಲೆದ್ದು ಓಡುವ ದೋಣಿಗಳೂ, ತಯಾರಾಗುತ್ತಿದ್ದವು. ಎರಡಕ್ಕೂ ಏನು ಸಂಬಂಧ ಅಂತೀರಾ?

ಅದಕ್ಕೆ ಮೊದಲು ರೊಸ್ತಿಸ್ಲಾವ್ ಅಲೆಕ್ಸೇಯೆವ್ ಬಗ್ಗೆ ಹೇಳಬೇಕು. ರಷ್ಯಾದ ವೋಲ್ಗಾ ನದಿ ದಡದ ಗೋರ್ಕಿ ನಗರದ ಎಂಜಿನಿಯರ್. 1957ರಲ್ಲಿ ಅವರ ‘ರಕೇತಾ’ ಎಂಬ ಹೈಡ್ರೋಫಾಯಿಲ್ ದೋಣಿ ಗೋರ್ಕಿಯಿಂದ ಕಜಾನ್‌ಗೆ, ಅಂದರೆ 420 ಕಿ.ಮೀ. ದೂರವನ್ನು ಏಳೇ ಗಂಟೆಯಲ್ಲಿ ಮುಟ್ಟಿತು. ದೋಣಿಯ ಹೊಟ್ಟೆಯ ಕೆಳಗೆ ರೆಕ್ಕೆಗಳಿರುತ್ತವೆ. ವೇಗ ಹೆಚ್ಚಿದಂತೆ ರೆಕ್ಕೆ ದೋಣಿಯನ್ನು ಮೇಲೆತ್ತುತ್ತದೆ, ಒಡಲು ನೀರು ಬಿಟ್ಟು ಗಾಳಿಗೆ ಬರುತ್ತದೆ, ನೀರಿನ ಎಳೆತ ತಪ್ಪುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಾಗಾಗಿ ಚಿಕ್ಕ ರೆಕ್ಕೆಯೇ ಸಾಕು. ಅಲೆಕ್ಸೇಯೆವ್ ಜಾಣತನ ಇರುವುದು ಇನ್ನೊಂದು ಕಡೆ. ಅವರ ರೆಕ್ಕೆ ನೀರಿನ ಮೇಲ್ಮೈಗೆ ಹತ್ತಿರವಾದಷ್ಟೂ ಎತ್ತುವ ಬಲ ತಾನೇ ಇಳಿಯುತ್ತದೆ. ಮೇಲೇರಿದ ದೋಣಿ ಕೆಳಗಿಳಿಯುತ್ತದೆ, ಇಳಿದರೆ ಮತ್ತೆ ಏರುತ್ತದೆ. ಕಂಪ್ಯೂಟರ್ ಬೇಡ, ಸೆನ್ಸರ್ ಬೇಡ.

ಆದರೆ ಒಡಲು ಹಗುರ ಇರಲೇಬೇಕು. ಅದಕ್ಕೆ ಅಲ್ಯೂಮಿನಿಯಂ. ತೆಳು ಅಲ್ಯೂಮಿನಿಯಂ ತಗಡನ್ನು ಸೊಟ್ಟಗಾಗದಂತೆ ಬೆಸೆಯುವುದು ಸುಲಭದ ಕೆಲಸವಲ್ಲ. ಫಿಯೊಡೋಸಿಯಾದವರಿಗೆ ಅದು ಕರಗತವಾಗಿತ್ತು. ರಕೇತಾಗಳು ಇಲ್ಲಿ ಸಾಲುಸಾಲಾಗಿ ತಯಾರಾದವು. ಆಮೇಲೆ ಸಮುದ್ರಕ್ಕೆಂದೇ ‘ಕೊಮೇತಾ’ ಬಂತು. ನೂರಕ್ಕಿಂತ ಜಾಸ್ತಿ ಜನರನ್ನು ಕೂರಿಸಿಕೊಂಡು ಗಂಟೆಗೆ 60 ಕಿ.ಮೀ. ಓಡುತ್ತಿತ್ತು. ಗ್ರೀಸ್‌ನಲ್ಲಿ ‘ಫ್ಲೈಯಿಂಗ್ ಡಾಲ್ಫಿನ್’ ಹೆಸರಲ್ಲಿ ದ್ವೀಪಗಳ ನಡುವೆ ಓಡಾಡಿದ್ದು ಈ ಕೊಮೇತಾಗಳೇ. ಅದೇ ಕೈಗಳು ಗಡಿ ಕಾವಲು ಪಡೆಗೆ ರೆಕ್ಕೆಯ ಗಸ್ತು ದೋಣಿಗಳನ್ನೂ ಕಟ್ಟಿದವು. ಹಗುರ ಒಡಲು, ಜಾಸ್ತಿ ವೇಗ: ಸೇನೆಗೂ ಬೇಕಿದ್ದದ್ದು ಇಷ್ಟೇ ಅಲ್ವಾ?

ಸೋವಿಯತ್ ಒಕ್ಕೂಟ ಒಡೆದ ಮೇಲೆ ಡೀಸೆಲ್ ಕೈ ಸುಡತೊಡಗಿತು. ಹೈಡ್ರೋಫಾಯಿಲ್ ಎಣ್ಣೆ ಕುಡಿಯುವ ಗಾಡಿ. ದೋಣಿಗಳು ಒಂದೊಂದಾಗಿ ಮೂಲೆ ಸೇರಿದವು. ಶಿಪ್‌ಯಾರ್ಡ್‌ಗೆ ಉಸಿರು ಕೊಟ್ಟಿದ್ದು ‘ಜುಬ್ರ್’. ಇದು ರೆಕ್ಕೆಯದ್ದಲ್ಲ, ಗಾಳಿ ದಿಂಬಿನ ಮೇಲೆ ತೇಲುವ ಹೋವರ್‌ಕ್ರಾಫ್ಟ್. 57 ಮೀಟರ್ ಉದ್ದ, ಹೊಟ್ಟೆಯಲ್ಲಿ ಮೂರು ಟ್ಯಾಂಕ್, ಐದು ಗ್ಯಾಸ್ ಟರ್ಬೈನ್ ಎಂಜಿನ್. ಗ್ರೀಸ್ ಕೊಂಡಿತು. 2009ರಲ್ಲಿ ಚೀನಾ ನಾಲ್ಕಕ್ಕೆ 31.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು 2013ರಲ್ಲಿ ಹೋಯಿತು. ಎರಡನೆಯದನ್ನು 2014ರ ಮಾರ್ಚ್ ಆರಂಭದಲ್ಲಿ, ರಷ್ಯಾದ ಸೈನಿಕರು ಕ್ರೈಮಿಯಾದಲ್ಲಿ ಹರಡಿಕೊಳ್ಳುತ್ತಿದ್ದಾಗಲೇ, ಗಡಿಬಿಡಿಯಲ್ಲಿ ಹಡಗಿಗೇರಿಸಿ ಕಳಿಸಿದರು.

ಆಮೇಲೆ ಇಲ್ಲಿ ರಷ್ಯಾದ ಬಾವುಟ ಹಾರಿತು. 2016ರಲ್ಲಿ ಪೀಟರ್ಸ್‌ಬರ್ಗ್ ಕಡೆಯ ಪೆಲ್ಲಾ ಕಂಪನಿ ಇದನ್ನು ಗುತ್ತಿಗೆಗೆ ಹಿಡಿಯಿತು, ‘ಕರಾಕುರ್ತ್’ ಕ್ಷಿಪಣಿ ಹಡಗುಗಳ ಕೆಲಸ ಬಂತು. 2018ರಲ್ಲಿ ಸೆವಾಸ್ತೊಪೋಲ್ ಮತ್ತು ಯಾಲ್ಟಾ ನಡುವೆ ಹೊಸ ಕೊಮೇತಾ ಓಡಿತು. ಆದರೆ ಅದನ್ನು ಕಟ್ಟಿದ್ದು ದೂರದ ರಿಬಿನ್ಸ್ಕ್‌ನಲ್ಲಿ! ತವರಿನಲ್ಲೇ ಕೊಮೇತಾ ಹೊರಗಿನ ಮಾಲಾಯಿತು.

ಜುಬ್ರ್‌ನ ಟರ್ಬೈನ್ ಬರುತ್ತಿದ್ದದ್ದು ಉಕ್ರೇನಿನ ಮಿಕೊಲಾಯಿವ್‌ನ ‘ಜೋರ್ಯಾ-ಮಾಶ್‌ಪ್ರೊಯೆಕ್ತ್’ ಕಾರ್ಖಾನೆಯಿಂದ. 2014ರಲ್ಲಿ ಉಕ್ರೇನ್ ರಷ್ಯಾಕ್ಕೆ ಸೇನಾ ಸಾಮಗ್ರಿ ಮಾರುವುದನ್ನೇ ನಿಲ್ಲಿಸಿತು. ಇದರ ಬಿಸಿ ಬೇರೆ ಶಿಪ್‌ಯಾರ್ಡ್‌ಗಳಿಗೂ ತಟ್ಟಿತು. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಕೆಲವು ಫ್ರಿಗೇಟ್ ಯುದ್ಧನೌಕೆಗಳು ಎಂಜಿನ್ ಇಲ್ಲದೆ ಅರ್ಧಕ್ಕೇ ನಿಂತವು. ಭಾರತ ಅವನ್ನು ಕೊಳ್ಳಲು ಒಪ್ಪಿ, ಉಕ್ರೇನಿನಿಂದ ಟರ್ಬೈನ್ ತಾನೇ ತರಿಸಿಕೊಟ್ಟಿತು. ಹಾಗೆ ಮುಗಿದ ಐಎನ್‌ಎಸ್ ತುಶಿಲ್ 2024ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆ ಸೇರಿತು. 2025ರ ಫೆಬ್ರುವರಿಯಲ್ಲಿ ತನ್ನ ನೆಲೆಯಾದ ಕಾರವಾರಕ್ಕೆ ಬಂತು.