ಗಾಜಿನ ಬಾಗು ನೋಡಿ ವೈಪರ್ ಬ್ಲೇಡ್ ತಗೊಳ್ಳಿ

ಗೆಳೆಯನೊಬ್ಬನ ಹತ್ರ 60ರ ದಶಕದ ಶುರುವಿನ ಬೀಟಲ್ ಕಾರಿದೆ, ಮುಂದಿನ ಗಾಜು ಚಪ್ಪಟೆ. ವೈಪರ್ ಹಾಳಾಯ್ತು ಅಂತ ಇರೋದ್ರಲ್ಲೇ ದುಬಾರಿದು, ಇವಾಗಿನ ಕಾರಿಗೆಲ್ಲ ಬರತ್ತಲ್ಲ ಆ ಥರ ಮೇಲೆ ಕಡ್ಡಿಗಿಡ್ಡಿ ಏನೂ ಇಲ್ಲದ ನೀಟಾಗಿರೋ ಫ್ಲಾಟ್ ಬ್ಲೇಡ್ ತಂದು, ಅಡಾಪ್ಟರ್ ಹಾಕಿ ಹೇಗೋ ಕೂರಿಸಿದ. ಮಳೇಲಿ ನೋಡಿದ್ರೆ ಎರಡೂ ತುದಿ ಸಕತ್ತಾಗಿ ಒರೆಸ್ತಿದೆ, ಮಧ್ಯದಲ್ಲಿ ಮಾತ್ರ ಅಂಗೈ ಅಗಲದ ಪಟ್ಟಿ ನೀರು ಹಾಗೇ ನಿಂತಿದೆ, ಅದೂ ಸರಿಯಾಗಿ ಅವನ ಕಣ್ಣೆದುರಿಗೆ. ಡೂಪ್ಲಿಕೇಟ್ ಮಾಲು ಅಂತ ಬೈದ. ಡೂಪ್ಲಿಕೇಟ್ ಏನಲ್ಲ, ಅದು ಬೇರೆ ಥರದ ಗಾಜಿಗೆ ಅಂತ ಮಾಡಿದ್ದು ಅಷ್ಟೆ.

ಇದು ಯಾಕೆ ಹೀಗೆ ಅಂತ ಗೊತ್ತಾಗ್ಬೇಕು ಅಂದ್ರೆ ಮೊದಲು ರಬ್ಬರ್ ಪಟ್ಟಿ ಏನು ಕೆಲಸ ಮಾಡತ್ತೆ ಅಂತ ನೋಡ್ಬೇಕು. ಹಳೇ ಬ್ಲೇಡ್ ಒಂದನ್ನ ಅಡ್ಡಕ್ಕೆ ಕತ್ತರಿಸಿ ನೋಡಿ, ಮೇಲೆ ದಪ್ಪ ತಲೆ, ಅದರ ಕೆಳಗೆ ತೆಳ್ಳನೆ ಕತ್ತು, ಆಮೇಲೆ ಕೆಳಗೆ ಹೋಗ್ತಾ ಹೋಗ್ತಾ ಚೂಪಾಗೋ ಅಂಚು. ಆರ್ಮ್, ಅಂದ್ರೆ ಬ್ಲೇಡನ್ನ ಹಿಡ್ಕೊಂಡು ಆಡಿಸೋ ಕಡ್ಡಿ, ಬಲಕ್ಕೆ ಹೋದ್ರೆ ಅಂಚು ಹಿಂದೆ ಬಿದ್ದು ಎಡಕ್ಕೆ ವಾಲತ್ತೆ, ಸುಮಾರು 45 ಡಿಗ್ರಿ. ಆಗ ಗಾಜಿಗೆ ತಾಗೋದು ಅಂಚಿನ ಒಂದು ಮೂಲೆ ಮಾತ್ರ, ಮಿಲಿಮೀಟರಿನ ಸಣ್ಣ ಭಾಗದಷ್ಟು ಅಗಲ. ವಾಪಸ್ ಬರುವಾಗ ಆ ತೆಳ್ಳನೆ ಕತ್ತು ಮಗುಚಿಕೊಂಡು ಇನ್ನೊಂದು ಮೂಲೆ ಕೆಲಸ ಶುರು ಮಾಡತ್ತೆ, ಹೊಸ ಬ್ಲೇಡಲ್ಲೂ ವೈಪರ್ ಒಂದು ಕೊನೆ ಮುಟ್ಟಿ ತಿರುಗುವಾಗ ಮೆಲ್ಲಗೆ ಟಪ್ ಅಂತ ಕೇಳ್ಸೋದು ಅದೇ. ರಬ್ಬರ್ ಹಳತಾಗಿ ಗಟ್ಟಿಯಾದ್ರೆ ಕತ್ತು ಮಗುಚೋದೇ ಇಲ್ಲ. ಹೋಗುವಾಗ ಚೆನ್ನಾಗಿ ಒರೆಸಿ ಬರುವಾಗ ಗಡಗಡ ಅಂತ ಕುಣಿಯೋ ವೈಪರ್ ನೋಡಿದೀರಲ್ಲ, ಬಹಳ ಸಲ ಅದರ ಕಾಯಿಲೆ ಇದೇ.

ಇನ್ನೊಂದು ತಮಾಷೆ ಏನಂದ್ರೆ ವೈಪರಿಗೆ ಜೋರು ಮಳೆ ಕಷ್ಟ ಅಲ್ವೇ ಅಲ್ಲ. ಗಾಜಿನ ಮೇಲೆ ನೀರು ಚೆನ್ನಾಗಿದ್ರೆ ರಬ್ಬರ್ ಅದರ ಮೇಲೇ ಜಾರ್ಕೊಂಡು ಹೋಗತ್ತೆ, ಘರ್ಷಣೆ ತುಂಬಾ ಕಮ್ಮಿ. ಗಾಜು ಪೂರ್ತಿ ಒಣಗಿದ್ರೆ ಘರ್ಷಣೆ ಜಾಸ್ತಿ, ಅದು ಯಾರಿಗಾದ್ರೂ ಗೊತ್ತಾಗೋ ವಿಷಯ. ಆದ್ರೆ ಅರ್ಧಂಬರ್ಧ ಒಣಗಿದಾಗ, ನೀರಿನ ಪದರ ಅಲ್ಲಲ್ಲಿ ಹರಿದು ಹೋಗಿ ರಬ್ಬರು ಗಾಜು ಅಂಟಂಟಾಗೋ ಆ ಸ್ವಲ್ಪ ಹೊತ್ತಿದೆಯಲ್ಲ, ಆಗ ಘರ್ಷಣೆ ಒಣ ಗಾಜಿಗಿಂತಲೂ ಮೇಲೆ ಹೋಗತ್ತೆ. ಅಂಟತ್ತೆ, ಬಿಡತ್ತೆ, ಮತ್ತೆ ಅಂಟತ್ತೆ, ಕಿರ್ರ್ ಅನ್ನೋ ಸದ್ದು ಇದರಿಂದಲೇ. ಎಣ್ಣೆ ಪದರ ದಪ್ಪ ಇದ್ದಾಗ, ತೆಳ್ಳಗಾದಾಗ ಘರ್ಷಣೆ ಹೇಗೆ ಬದಲಾಗತ್ತೆ ಅಂತ ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ ಅನ್ನೋರು 1902ರ ಹೊತ್ತಿಗೇ ಬೇರಿಂಗುಗಳ ಮೇಲೆ ಅಳೆದಿಟ್ಟಿದ್ರು, ಇವತ್ತು ವೈಪರ್ ಇಂಜಿನಿಯರುಗಳೂ ಅದೇ ಗ್ರಾಫಿನ ಗೆರೆ ಇಟ್ಕೊಂಡು ಲೆಕ್ಕ ಹಾಕ್ತಾರೆ. ಜಿಟಿಜಿಟಿ ಮಳೇಲಿ ನಿಂತು ನಿಂತು ಓಡೋ ವೈಪರ್ ಬಂದಿದ್ದು 60ರ ದಶಕದಲ್ಲಿ, ಅಮೆರಿಕದ ರಾಬರ್ಟ್ ಕರ್ನ್ಸ್ ಕಣ್ಣಿನ ರೆಪ್ಪೆ ಬಡಿಯೋದನ್ನ ನೋಡಿ ಯೋಚನೆ ಮಾಡಿದ್ದು ಅದು. ಡ್ರೈವರಿಗೆ ಕಿರಿಕಿರಿ ಕಮ್ಮಿ ಆಗೋದರ ಜೊತೆಗೆ ರಬ್ಬರಿಗೂ ಒಳ್ಳೇದಾಯ್ತು, ಒಣಗಾಜು ಉಜ್ಜೋದು ತಪ್ತು.

ಸರಿ, ಒತ್ತಡಕ್ಕೆ ಬರೋಣ, ಗೆಳೆಯನ ಕಥೆ ಇರೋದೇ ಇಲ್ಲಿ. ಆರ್ಮಿನ ಬುಡದಲ್ಲೊಂದು ಸ್ಪ್ರಿಂಗ್ ಇರತ್ತೆ, ಅದು ಬ್ಲೇಡನ್ನ ಗಾಜಿಗೆ ಒತ್ತತ್ತೆ. ಸುಮಾರಾಗಿ ಸೆಂಟಿಮೀಟರಿಗೆ 15 ಗ್ರಾಂ ಅಂತ ಇಟ್ಕೊಂಡ್ರೆ 60 ಸೆಂಟಿಮೀಟರ್ ಬ್ಲೇಡಿಗೆ 900 ಗ್ರಾಂ ಆಯ್ತು. ಆದ್ರೆ ಆರ್ಮ್ ಹಿಡ್ಕೊಂಡಿರೋದು ಮಧ್ಯದ ಒಂದೇ ಜಾಗದಲ್ಲಿ, ಆ 900 ಗ್ರಾಂ ಉದ್ದಕ್ಕೂ ಸಮಾನವಾಗಿ ಹಂಚೋದು ಹೇಗೆ? ಗಾಜು ಚಪ್ಪಟೆ ಇದ್ದ ಕಾಲದಲ್ಲಿ ಬ್ಲೇಡೂ ಗಿಡ್ಡ, ಅದರ ಬೆನ್ನೂ ನೆಟ್ಟಗೆ, ಪರವಾಗಿಲ್ಲ ನಡೀತಿತ್ತು. ಕಾರುಗಳಿಗೆ ಬಾಗಿದ ಗಾಜು ಬಂದ್ಮೇಲೆ ಸೇತುವೆ ಥರದ ಬ್ಲೇಡ್ ಬಂತು, ಅದು ಒಂಥರಾ ತಕ್ಕಡಿ ಒಳಗೊಂದು ತಕ್ಕಡಿ ಇದ್ದ ಹಾಗೆ. ದೊಡ್ಡ ದಂಡದ ಎರಡು ತುದಿಗೆ ಎರಡು ಚಿಕ್ಕ ದಂಡ, ಅವುಗಳ ತುದೀಲಿ ರಬ್ಬರ್ ಹಿಡಿಯೋ ಉಗುರುಗಳು. ಗಾಜು ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಮೊದಲೇ ಗೊತ್ತಿರಬೇಕಾಗಿಲ್ಲ, ಚಿಕ್ಕ ದಂಡಗಳು ತಾವೇ ವಾಲಿಕೊಂಡು ಅಡ್ಜಸ್ಟ್ ಆಗತ್ವೆ. ನನಗೆ ಈಗಲೂ ಇದು ತುಂಬಾ ಜಾಣ ಡಿಸೈನು ಅನ್ಸತ್ತೆ, ನೋಡೋಕೆ ಮಾತ್ರ ಹಳೇದು.

ಫ್ಲಾಟ್ ಬ್ಲೇಡಲ್ಲಿ ಈ ದಂಡ ಯಾವುದೂ ಇಲ್ಲ. ಬಾಷ್ ಕಂಪನಿ 1999ರಲ್ಲಿ ಏರೋಟ್ವಿನ್ ಅಂತ ಬಿಟ್ಟಿತು, ಆಮೇಲೆ ಎಲ್ಲರೂ ಮಾಡಿದ್ರು. ರಬ್ಬರಿನ ಬೆನ್ನಿಗೆ ಸ್ಪ್ರಿಂಗ್ ಸ್ಟೀಲಿನ ಪಟ್ಟಿ, ಅದನ್ನ ಗಾಜಿಗಿಂತ ಜಾಸ್ತಿನೇ ಬಗ್ಗಿಸಿಟ್ಟಿರ್ತಾರೆ. ಟೇಬಲ್ ಮೇಲೆ ಇಟ್ಟು ನೋಡಿ, ಎರಡು ತುದಿ ತಾಗತ್ತೆ, ಹೊಟ್ಟೆ ಮೇಲಿರತ್ತೆ. ಆರ್ಮ್ ಮಧ್ಯದಲ್ಲಿ ಒತ್ತಿದಾಗ ಹೊಟ್ಟೆ ಕೆಳಗೆ ಬಂದು ಉದ್ದಕ್ಕೂ ಒತ್ತಡ ಸಮ ಆಗ್ಬೇಕು ಅನ್ನೋದು ಲೆಕ್ಕ. ಆದ್ರೆ ಆ ಲೆಕ್ಕ ಮಾಡಿರೋದು ಒಂದು ಅಂದಾಜಿನ ಬಾಗು ಮತ್ತೆ ಒಂದು ಅಂದಾಜಿನ ಸ್ಪ್ರಿಂಗಿಗೆ. ಗಾಜು ಚಪ್ಪಟೆ ಆದ್ರೆ ಹೊಟ್ಟೆ ಇನ್ನೂ ಕೆಳಗೆ ಬರ್ಬೇಕು, ಅದಕ್ಕೆ ಇನ್ನೂ ಜೋರಾಗಿ ಒತ್ತಬೇಕು, ಅರವತ್ತು ವರ್ಷದ ಸ್ಪ್ರಿಂಗ್ ಎಲ್ಲಿ ಒತ್ತತ್ತೆ. ತುದಿ ಒರೆಸತ್ತೆ, ಮಧ್ಯ ನೀರು. ಅದೇ ಬ್ಲೇಡು ಚೆನ್ನಾಗಿ ಬಾಗಿದ ಗಾಜಿರೋ ಇವಾಗಿನ ಕಾರಿಗೆ ಸೂಪರ್, ಗಾಳಿಗೆ ಏಳೋದು ಕಮ್ಮಿ, ಮಂಜು ಕಟ್ಟಿ ಬಿಗಿದ್ಕೊಳ್ಳೋ ಸಂದುಗಳೂ ಇಲ್ಲ.

ರಬ್ಬರ್ ಯಾವುದು ಅನ್ನೋದು ಆಮೇಲಿನ ಪ್ರಶ್ನೆ, ಆದ್ರೆ ಜಾಹೀರಾತೆಲ್ಲ ಅದರದ್ದೇ. ನೈಸರ್ಗಿಕ ರಬ್ಬರ್ ಮೆತ್ತಗೆ, ಚೆನ್ನಾಗಿ ಮಗುಚತ್ತೆ, ಸದ್ದಿಲ್ಲದೆ ಒರೆಸತ್ತೆ, ಆದ್ರೆ ಬಿಸಿಲು ಮತ್ತೆ ಗಾಳೀಲಿರೋ ಓಝೋನ್ ಅದರ ಅಣುಸರಪಳಿಗಳನ್ನ ಕತ್ತರಿಸ್ತಾ ಹೋಗತ್ವೆ, ಅಂಚಲ್ಲಿ ಸಣ್ಣ ಸಣ್ಣ ಬಿರುಕು ಬರೋದು ಹಂಗೆ. ಬೇಗ ಸವೀದೇ ಇರ್ಲಿ, ಜಾರ್ಲಿ ಅಂತ ಮೇಲೆ ಗ್ರಾಫೈಟ್ ಲೇಪ ಕೊಡ್ತಾರೆ, ಅದಕ್ಕೇ ಹೊಸ ಬ್ಲೇಡನ್ನ ಬೆರಳಲ್ಲಿ ಉಜ್ಜಿ ನೋಡ್ಬೇಡಿ. ಸಿಲಿಕೋನ್ ಬಿಸಿಲಿಗೆ ಬಗ್ಗಲ್ಲ, ಸಾಕಷ್ಟು ಹೆಚ್ಚು ಕಾಲ ಬರತ್ತೆ, ಗಾಜಿನ ಮೇಲೆ ನೀರು ಹನಿಹನಿಯಾಗಿ ಜಾರೋ ಥರದ ತೆಳ್ಳನೆ ಪದರನೂ ಬಿಡತ್ತೆ. ಅದರ ತೊಂದರೆ ಏನಂದ್ರೆ ಗಾಜು ಪೂರ್ತಿ ಕ್ಲೀನ್ ಇಲ್ಲದಿದ್ರೆ ಗಡಗಡ ಅನ್ನತ್ತೆ, ಎಳೆಯೋಕೆ ಮೋಟಾರಿಗೆ ಸ್ವಲ್ಪ ಜಾಸ್ತಿ ಶಕ್ತಿನೂ ಬೇಕಾಗಬಹುದು. ದಿನಾ ಬಿಸಿಲಲ್ಲಿ ನಿಲ್ಲೋ ಕಾರಿಗೆ ಸಿಲಿಕೋನ್ ಹಾಕಿ ಅಂತೀನಿ, ಹಳೇ ಗಾಡಿಗೆ ಮಾತ್ರ ಮೋಟಾರ್ ಯಾವ್ದು ಅಂತ ನೋಡಿ.

ಯಾಕಂದ್ರೆ ಹಳೇ ಗಾಡಿಗಳ ವೈಪರ್ ಮೋಟಾರು ಒಂದೊಂದು ಒಂದೊಂದು ಥರ. ಮೇರಿ ಆಂಡರ್ಸನ್‌ಗೆ 1903ರಲ್ಲಿ ಪೇಟೆಂಟ್ ಸಿಕ್ಕಿದ ವೈಪರನ್ನ ಒಳಗಿಂದ ಕೈಯಲ್ಲೇ ಲಿವರ್ ಆಡಿಸಿ ಓಡಿಸ್ಬೇಕಿತ್ತು. ಬಾಷ್‌ನವರು 1926ರಲ್ಲೇ ಕರೆಂಟಿನ ವೈಪರ್ ತಂದ್ರೂ ಅಮೆರಿಕದ ಎಷ್ಟೋ ಕಾರುಗಳಲ್ಲಿ ಅದಾದ್ಮೇಲೂ ದಶಕಗಟ್ಟಲೆ ಇಂಜಿನ್ನಿನ ನಿರ್ವಾತದಿಂದ, ಅಂದ್ರೆ ಇಂಜಿನ್ ಗಾಳಿ ಒಳಗೆ ಎಳೆಯೋ ಸೆಳೆತದಿಂದ, ಓಡೋ ವೈಪರೇ ಇತ್ತು. ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ನಿನ ಒಳಗಿನ ನಿರ್ವಾತ ಕಮ್ಮಿ ಆಗತ್ತೆ, ಅಂದ್ರೆ ಮಳೇಲಿ ಏರು ಹತ್ತುವಾಗ, ಮುಂದಿನ ಗಾಡಿ ದಾಟುವಾಗ, ಬೇಕಾದಾಗಲೇ ವೈಪರ್ ನಿದ್ದೆ ಹೊಡೀತಿತ್ತು! ಗೆಳೆಯನ ಬೀಟಲ್ಲಿಗೆ ಕರೆಂಟ್ ಮೋಟಾರೇ ಇದೆ, ಆದ್ರೆ 6 ವೋಲ್ಟಿಂದು. ಇಂಥ ಬಡಪಾಯಿಗಳಿಗೆ ಉದ್ದದ ಬ್ಲೇಡ್ ಹಾಕಿದ್ರೆ ಜಾಸ್ತಿ ಗಾಜು ಕಾಣತ್ತೆ ಅನ್ನೋ ಆಸೆ ಬೇಡ, ಮೋಟಾರ್ ಸುಸ್ತಾಗತ್ತೆ, ಇಲ್ಲಾ ಬ್ಲೇಡು ಗಾಜಿನ ಅಂಚಿನ ರಬ್ಬರಿಗೆ ಹೊಡೀತಾ ಇರತ್ತೆ.

ಅಳತೆ ವಿಷಯ ಬೇಗ ಮುಗಿಸ್ತೀನಿ. ಎರಡೂ ಕಡೆ ಬೇರೆ ಬೇರೆ ಉದ್ದ ಇರಬಹುದು, ಎರಡನ್ನೂ ಅಳೀರಿ. ಆರ್ಮಿನ ತುದಿ ಈಗಿನ ಬಹಳ ಕಾರುಗಳಲ್ಲಿ ಕೊಕ್ಕೆ ಥರ ಇರತ್ತೆ, ಕೆಲವಕ್ಕೆ ಪಕ್ಕದಲ್ಲಿ ಪಿನ್ನು, ಕೆಲವಕ್ಕೆ ಒತ್ತೋ ಬಟನ್ನು, ಪೆಟ್ಟಿಗೇಲಿ ಬರೋ ಅಡಾಪ್ಟರುಗಳಲ್ಲಿ ಒಂದು ಕೂತ್ರೆ ಸರಿ, ಅಲ್ಲಾಡ್ತಾ ಕೂರೋದನ್ನ ಒಪ್ಪಬೇಡಿ. ಎಷ್ಟೋ ಹಳೇ ಕಾರಲ್ಲಿ ಕೊಕ್ಕೇನೇ ಇರಲ್ಲ, ನೇರ ಪಟ್ಟಿ ಬ್ಲೇಡಿನ ಒಳಗೆ ತೂರಿ ಕೂರತ್ತೆ, ಅದರ ಅಗಲ ಸುಮಾರು 5 ಅಥವಾ 7 ಮಿಲಿಮೀಟರ್, ಸ್ಕೇಲ್ ಹಿಡಿದು ಅಳತೆ ಮಾಡ್ಕೊಂಡೇ ಅಂಗಡಿಗೆ ಹೋಗಿ. ಹಳೇ ಲೋಹದ ಫ್ರೇಮ್ ಬಾಗದೆ ಚೆನ್ನಾಗಿದ್ರೆ ಪೂರ್ತಿ ಬ್ಲೇಡ್ ಬದಲಾಯಿಸೋದೇ ಬೇಡ, ರಬ್ಬರ್ ಪಟ್ಟಿ ಮಾತ್ರ ಸಿಗತ್ತೆ, 6 ಮತ್ತೆ 8 ಮಿಲಿಮೀಟರ್ ಅಗಲದ್ದು ಸಾಮಾನ್ಯ.

ಇಷ್ಟೆಲ್ಲ ಮಾಡೋಕೆ ಮುಂಚೆ ಒಂದ್ಸಲ ಗಾಜು ತೊಳೀರಿ, ನಿಜವಾಗ್ಲೂ. ರಸ್ತೆಯ ಎಣ್ಣೆ, ಹೊಗೆಯ ಮಸಿ, ಕಾರ್ ತೊಳೆಯುವಾಗ ಬಿದ್ದ ವ್ಯಾಕ್ಸ್ ಎಲ್ಲ ಸೇರಿ ಗಾಜಿನ ಮೇಲೆ ಜಿಡ್ಡಿನ ಪದರ ಆಗಿರತ್ತೆ, ಅದರ ಮೇಲೆ ಎಂಥ ಬ್ಲೇಡೂ ಮಬ್ಬೇ ಬಳಿಯೋದು. ಗಾಜು ಸೋಪಲ್ಲಿ ತೊಳೆದು, ಆಮೇಲೆ ಸ್ಪಿರಿಟ್ಟಲ್ಲಿ ಒರೆಸಿ, ರಬ್ಬರ್ ಅಂಚನ್ನ ಒದ್ದೆ ಬಟ್ಟೇಲಿ ಒರೆಸಿದ್ರೆ ಕೆಲವು ಬ್ಲೇಡು ಇನ್ನೂ ಒಂದಷ್ಟು ತಿಂಗಳು ಬರತ್ವೆ. ಅದಾದ್ಮೇಲೂ ಒಂದೇ ದಿಕ್ಕಲ್ಲಿ ಕುಣಿದ್ರೆ ಆರ್ಮ್ ತಿರುಚಿಕೊಂಡಿದ್ಯಾ ನೋಡಿ, ವೈಪರನ್ನ ಅರ್ಧದಾರೀಲಿ ನಿಲ್ಲಿಸಿದಾಗ ಬ್ಲೇಡು ಗಾಜಿಗೆ ನೆಟ್ಟಗೆ ನಿಂತಿರಬೇಕು, ವಾಲಿದ್ರೆ ಹೊಸ ರಬ್ಬರೂ ಮಗುಚಲ್ಲ.

ಬ್ಲೇಡ್ ಬಿಚ್ಚಿದ್ಮೇಲೆ ಬರಿ ಆರ್ಮನ್ನ ಎತ್ತಿದ ಹಾಗೇ ಬಿಟ್ಟು ಆಕಡೆ ಹೋಗ್ಬೇಡಿ. ನಾನು ಬಿಟ್ಟಿದ್ದೆ, ಮೊಣಕೈ ತಾಗಿ ಫಟ್ ಅಂತ ಬಿತ್ತು, ಗಾಜಲ್ಲಿ ಜೇಡರಬಲೆ ಬಿರುಕು. ಈಗ ದಪ್ಪ ಟವೆಲ್ ಮಡಚಿ ಗಾಜಿನ ಮೇಲೆ ಹಾಕೇ ಕೈ ಹಚ್ಚೋದು.

ಬೀಟಲ್ಲಿಗೆ ಕೊನೆಗೆ ಅದರದೇ ಅಳತೆಯ ಗಿಡ್ಡ ಲೋಹದ ಬ್ಲೇಡ್ ಹುಡುಕಿ ಹಾಕಿದ್ವಿ, ಆ ದುಬಾರಿ ಬ್ಲೇಡಿಗಿಂತ ಎಷ್ಟೋ ಅಗ್ಗ. ಮಧ್ಯದ ನೀರಿನ ಪಟ್ಟಿ ಹೋಯ್ತು. ಸ್ಪೀಡ್ ಹೋದ್ರೆ ಡ್ರೈವರ್ ಕಡೇದು ಇನ್ನೂ ಸ್ವಲ್ಪ ಗಾಳಿಗೆ ಏಳತ್ತೆ, ಅದು ಬ್ಲೇಡಿನ ತಪ್ಪಲ್ಲ, ಸ್ಪ್ರಿಂಗ್ ಹುಡುಕ್ತಾ ಇದೀವಿ.