ಪ್ಲಗ್ ಹಿಡ್ಕೊಂಡಿದೆ, ಹೆಡ್ ಇಳಿಸಲೇಬೇಕಾ?

ಮಂಡ್ಯದ ಓದುಗರೊಬ್ಬರ ಪ್ರಶ್ನೆ: "ನಮ್ಮದು 1998ರ ಮಾರುತಿ 800. ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಹಿತ್ತಲಿನ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಮೂರು ಸಿಲಿಂಡರಿನಲ್ಲಿ ಎರಡೇ ಕೆಲಸ ಮಾಡುತ್ತಿವೆ. ಎರಡು ಸ್ಪಾರ್ಕ್ ಪ್ಲಗ್ ಬಿಚ್ಚಿ ಕ್ಲೀನ್ ಮಾಡಿದೆ. ನಡುವಿನದು ಅಲ್ಲಾಡುತ್ತಲೇ ಇಲ್ಲ. ಮೆಕ್ಯಾನಿಕ್ ಹೆಡ್ ಇಳಿಸಬೇಕು ಅಂತಾರೆ. ಬೇರೆ ದಾರಿ ಇಲ್ವಾ? ಜೋರಾಗಿ ತಿರುಗಿಸಿದ್ರೆ ಮುರಿದು ಹೋಗುತ್ತಾ?"

ದಾರಿ ಇದೆ. ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ನಿನ ಭಾಗ, ಇಳಿಸುವ ಮಾತು ಆಮೇಲೆ. ಆದರೆ ಜೋರಾಗಿ ಮಾತ್ರ ತಿರುಗಿಸಬೇಡಿ. ಪ್ಲಗ್ ಮುರಿಯಬಹುದು. ಅದಕ್ಕಿಂತ ಕೆಟ್ಟದ್ದು, ಹೆಡ್ಡಿನ ಥ್ರೆಡ್ಡೇ (ಪ್ಲಗ್ ತಿರುಗಿ ಕೂರುವ ಸುರುಳಿ ಗೆರೆ) ಕಿತ್ತುಕೊಂಡು ಬರಬಹುದು. ಪ್ಲಗ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಹೆಡ್ ಹಾಳಾದರೆ ಕೆಲಸ, ಖರ್ಚು ಎರಡೂ ದೊಡ್ಡದು. ಹಾಗಾಗಿ ನೀವು ಉಳಿಸಬೇಕಾದದ್ದು ಹೆಡ್ಡನ್ನು, ಪ್ಲಗ್ಗನ್ನಲ್ಲ. ಸ್ಪ್ಯಾನರ್ ಹಿಡಿದಾಗಲೆಲ್ಲ ಇದು ನೆನಪಿರಲಿ.

ಪ್ಲಗ್ ಯಾಕೆ ಹಿಡ್ಕೊಳ್ಳುತ್ತದೆ? ಅದರ ಮೈ ಉಕ್ಕಿನದು, ಹೆಡ್ ಅಲ್ಯೂಮಿನಿಯಂ. ಈ ಎರಡು ಲೋಹ ಒಂದಕ್ಕೊಂದು ತಾಗಿರುವ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಆ ತುಕ್ಕು ಕಬ್ಬಿಣದ ಹಾಗೆ ಕೆಂಪಗಿರುವುದಿಲ್ಲ, ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಮೂಲ ಲೋಹಕ್ಕಿಂತ ಅದಕ್ಕೆ ಜಾಗ ಜಾಸ್ತಿ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿಕೊಂಡು ಬೆಣೆ ಹೊಡೆದ ಹಾಗೆ ಬಿಗಿದುಬಿಡುತ್ತದೆ. ಇದರ ಜೊತೆಗೆ ಒಳತುದಿಯಲ್ಲಿ ಮಸಿ ಗಟ್ಟಿಯಾಗಿರುತ್ತದೆ. ಹಿಂದೆ ಯಾರೋ ಬಿಸಿ ಇಂಜಿನ್ನಿಗೇ ಪ್ಲಗ್ ಹಾಕಿ ಜಾಸ್ತಿ ಬಿಗಿ ಮಾಡಿದ್ದರಂತೂ ಕೇಳುವುದೇ ಬೇಡ.

ಮೈಸೂರಿನಲ್ಲಿ ಬೆಳೆದ ನಮ್ಮಂಥವರಿಗೆ ಪ್ಲಗ್ ಬಿಚ್ಚುವುದು ಹೊಸದಲ್ಲ. 1961ರಿಂದ 1996ರವರೆಗೆ ಇದೇ ಊರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಆಗಿನ ಜಾವಾ, ಯೆಜ್ಡಿ ಎರಡೂ ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕಿತ್ತು, ಪ್ಲಗ್ಗಿಗೆ ಬೇಗ ಮಸಿ ಹಿಡಿಯುತ್ತಿತ್ತು. ನಮ್ಮ ಮಾವ ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ವಾಪಸ್ ಹಾಕಿ ಹೊರಡುತ್ತಿದ್ದರು. ಅಷ್ಟು ಸಲ ಬಿಚ್ಚುತ್ತಿದ್ದ ಪ್ಲಗ್ಗಿಗೆ ಹಿಡ್ಕೊಳ್ಳಲು ಪುರುಸೊತ್ತೇ ಸಿಗುತ್ತಿರಲಿಲ್ಲ. ನಿಮ್ಮ ಕಾರಿನ ಕಥೆ ಇದಕ್ಕೆ ಉಲ್ಟಾ. ಎರಡು ಮಳೆಗಾಲ ಯಾರೂ ಅದನ್ನು ಮುಟ್ಟಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಪ್ಲಗ್ ಕೂತಿರುವ ಗುಂಡಿ ಕ್ಲೀನ್ ಆಗಬೇಕು. ಅಲ್ಲಿ ಧೂಳು, ಮರಳು, ಒಣಗಿದ ಎಲೆ ಎಲ್ಲ ಇರುತ್ತದೆ. ಪ್ಲಗ್ ಬಂದ ತಕ್ಷಣ ಅದು ಸಿಲಿಂಡರಿನೊಳಗೆ ಬಿದ್ದು ಗೋಡೆಯನ್ನು ಗೀರುತ್ತದೆ. ಬ್ರಶ್ಶಿನಿಂದ ಸಡಿಲ ಮಾಡಿ ಜೋರಾಗಿ ಗಾಳಿ ಹೊಡೆಯಿರಿ. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪ್ ಸಾಕು. ಕಣ್ಣಿಗೆ ಕನ್ನಡಕ ಇರಲಿ.

ಆಮೇಲೆ ಎಣ್ಣೆ. ಡಬ್ಲ್ಯೂಡಿ-40 ಥರದ ಸ್ಪ್ರೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ವಲ್ಪ ಡೀಸೆಲ್ಲಾದರೂ ನಡೆಯುತ್ತದೆ. ಪ್ಲಗ್ ಹೆಡ್ಡಿಗೆ ತಾಗುವ ಸುತ್ತಲೂ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಗುಂಡಿ ತುಂಬಾ ಸುರಿಯುವುದು ಬೇಡ. ಬೆಳಿಗ್ಗೆ ಎದ್ದು ಇನ್ನೆರಡು ಹನಿ. ಸಾಧ್ಯವಾದರೆ ಎರಡು ರಾತ್ರಿ ಬಿಡಿ. ಹೆಚ್ಚಿನವರು ಸೋಲುವುದು ಇಲ್ಲೇ. ಹತ್ತು ನಿಮಿಷ ಕಾದು ಸ್ಪ್ಯಾನರ್ ಹಾಕಿಬಿಡುತ್ತಾರೆ.

ಮೂರನೆಯದು ಬಿಸಿ. ಇಲ್ಲಿ ಎರಡು ಮಾತು ಕೇಳಿಬರುತ್ತದೆ. ಒಬ್ಬರು ಇಂಜಿನ್ ತಣ್ಣಗಿರಲಿ ಅಂತಾರೆ, ಇನ್ನೊಬ್ಬರು ಬಿಸಿ ಇರಲಿ ಅಂತಾರೆ. ಮಾಮೂಲಿ ಪ್ಲಗ್ಗಾದರೆ ತಣ್ಣಗಿರುವಾಗಲೇ ಬಿಚ್ಚಬೇಕು. ಸುಡುವ ಬಿಸಿಯಲ್ಲಿ ಅಲ್ಯೂಮಿನಿಯಂ ಥ್ರೆಡ್ ಬೇಗ ಕಿತ್ತುಬರುತ್ತದೆ. ಹಿಡ್ಕೊಂಡಿರುವ ಪ್ಲಗ್ಗಿಗೆ ಮಾತ್ರ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ ಬೇಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 25 ಡಿಗ್ರಿ ಬಿಸಿ ಏರಿದರೆ 14 ಎಂಎಂ ತೂತು ಪ್ಲಗ್ಗಿಗಿಂತ ಸುಮಾರು 0.004 ಎಂಎಂ ಜಾಸ್ತಿ ಅಗಲವಾಗುತ್ತದೆ. ಕೂದಲೆಳೆಯ ಇಪ್ಪತ್ತನೇ ಒಂದು ಭಾಗ ಅನ್ನಿ. ಸಾಲದು ಅನಿಸಬಹುದು, ಆದರೆ ತುಕ್ಕಿನ ಹಿಡಿತ ಬಿಡಿಸಲು ಅಷ್ಟು ಸಾಕಾಗುತ್ತದೆ. ನಿಮ್ಮ ಕಾರು ಹೇಗೂ ಸ್ಟಾರ್ಟ್ ಆಗುತ್ತಿದೆ. ಗುಂಡಿಯಲ್ಲಿ ನಿಂತ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಬಿಚ್ಚಿದ ಪ್ಲಗ್, ವೈರ್ ಎಲ್ಲ ವಾಪಸ್ ಹಾಕಿ, ನಾಲ್ಕೈದು ನಿಮಿಷ ಓಡಿಸಿ ಆಫ್ ಮಾಡಿ. ಹೆಡ್ ಮುಟ್ಟಿದರೆ ಬಿಸಿ ಗೊತ್ತಾಗಬೇಕು, ಆದರೆ ಕೈ ಇಡಲು ಆಗಬೇಕು. ಬೆಂಕಿ ಹಿಡಿದು ಕಾಯಿಸುವ ಸಾಹಸ ಖಂಡಿತ ಬೇಡ. ಕಾರ್ಬುರೇಟರ್ ಕಾರು, ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇದೆ.

ಈಗ ಪ್ಲಗ್ಗಿಗೆ ಸರಿಯಾಗಿ ಕೂರುವ, ಆರು ಮೂಲೆಯ ಸಾಕೆಟ್ ತಗೊಳ್ಳಿ. ಹಳೆ ಕಾರುಗಳ ಪ್ಲಗ್ಗಿಗೆ ಸಾಮಾನ್ಯವಾಗಿ 21 ಎಂಎಂ. ಹ್ಯಾಂಡಲ್ ಓರೆಯಾದರೆ ಮೇಲಿನ ಬಿಳಿ ಪಿಂಗಾಣಿ ಚಟ್ ಅಂತ ಒಡೆಯುತ್ತದೆ. ಒಂದು ಕೈ ಸಾಕೆಟ್ಟಿನ ತಲೆಯ ಮೇಲೆ ಒತ್ತಿರಲಿ, ಇನ್ನೊಂದು ಕೈ ತಿರುಗಿಸಲಿ. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ಒತ್ತಿ. ತುಕ್ಕಿನ ಪದರ ಬಿರುಕು ಬಿಡಲಿ ಅಂತ. ಆಮೇಲೆ ಬಿಚ್ಚುವ ಕಡೆಗೆ ನಿಧಾನವಾಗಿ ಒತ್ತಡ ಕೊಡಿ.

ಇಲ್ಲಿ ಕಿವಿ, ಕೈ ಎರಡೂ ಎಚ್ಚರವಾಗಿರಬೇಕು. "ಕಿರ್" ಅಂತ ಸದ್ದು ಬಂದು ಸ್ವಲ್ಪ ಜರುಗಿದರೆ ಒಳ್ಳೆಯ ಸುದ್ದಿ. ಕಾಲು ಸುತ್ತು ಬಿಚ್ಚಿ, ಎರಡು ಹನಿ ಎಣ್ಣೆ ಬಿಟ್ಟು, ಮತ್ತೆ ಬಿಗಿ ಮಾಡಿ. ಮತ್ತೆ ಸ್ವಲ್ಪ ಜಾಸ್ತಿ ಬಿಚ್ಚಿ, ಮತ್ತೆ ಹಿಂದಕ್ಕೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೋದರೆ ಪುಡಿ ಸವೆದು ಹೊರಬರುತ್ತದೆ. ಸದ್ದೇ ಇಲ್ಲದೆ, ಆಲೆಮನೆಯಲ್ಲಿ ಪಾಕ ಎಳೆದ ಹಾಗೆ ಮೆತ್ತಗೆ ತಿರುಗುತ್ತಿದೆ ಅನಿಸಿದರೆ ತಕ್ಷಣ ಕೈ ತೆಗೆಯಿರಿ. ಲೋಹ ಬಗ್ಗುತ್ತಿದೆ ಅಂತ ಅರ್ಥ. ಇನ್ನೊಂದು ದಿನ ಎಣ್ಣೆಯಲ್ಲಿ ನೆನೆಯಲಿ.

ನಾನು ಒಮ್ಮೆ ಹೀಗೆ ಕೈ ತೆಗೆಯಲಿಲ್ಲ. ದಸರಾ ರಜೆ, ಮನೆ ತುಂಬಾ ನೆಂಟರು, ಸಂಜೆಯೊಳಗೆ ಕಾರು ಬೇಕಿತ್ತು. ಹ್ಯಾಂಡಲ್ಲಿಗೆ ಪೈಪ್ ಸಿಕ್ಕಿಸಿ ಎಳೆದೆ. ಪ್ಲಗ್ ಬಂತು, ಅದರ ಥ್ರೆಡ್ಡಿನ ತುಂಬ ಬೆಳ್ಳಿ ತಂತಿಯ ಹಾಗೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ಬನ್ನಿಮಂಟಪದ ಕಡೆಯ ಲೇತ್ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ, "ಒಂದು ರಾತ್ರಿ ಕಾಯಬಾರದಿತ್ತೇನಪ್ಪಾ?" ಅಂದರು. ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು ಆ ಮಾತು.

ಹಾಗಾದಾಗ ರಿಪೇರಿ ಇದೆ. ಥ್ರೆಡ್ ಸ್ವಲ್ಪ ಗಾಯವಾಗಿದ್ದರೆ 14ಕ್ಕೆ 1.25 ಅಳತೆಯ (14 ಎಂಎಂ ಅಗಲ, ಗೆರೆಯಿಂದ ಗೆರೆಗೆ 1.25 ಎಂಎಂ) ಥ್ರೆಡ್ ಚೇಸರ್, ಅಂದರೆ ಥ್ರೆಡ್ ತಿದ್ದುವ ಉಪಕರಣ, ಹಾಕಿ ಸರಿ ಮಾಡಬಹುದು. ಅದರ ಸಂದಿಗೆಲ್ಲ ಗ್ರೀಸ್ ತುಂಬಿದರೆ ಪುಡಿ ಅದಕ್ಕೇ ಅಂಟಿಕೊಂಡು ಹೊರಬರುತ್ತದೆ. ಥ್ರೆಡ್ ಪೂರಾ ಹೋಗಿದ್ದರೆ ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಹೆಲಿಕಾಯಿಲ್ ಅಥವಾ ಗಟ್ಟಿ ಬುಶ್ ಕೂರಿಸಬೇಕು. ಹೆಲಿಕಾಯಿಲ್ ಅಂದರೆ ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕಿನ ತಂತಿ, ಬುಶ್ ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಬಳೆ. ಹೆಡ್ ಇಳಿಸದೆಯೂ ಅದನ್ನು ಹಾಕುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಪ್ಲಗ್ಗಿನ ಜಾಗಕ್ಕೆ ಬುಶ್ಶೇ ವಾಸಿ, ಅದೂ ಹೆಡ್ ಇಳಿಸಿ. ಪುಡಿ ಸಿಲಿಂಡರಿಗೆ ಬೀಳುವ ಭಯವಿಲ್ಲ, ತೂತು ನೇರವಾಗಿ ಬರುತ್ತದೆ. ಬುಶ್ ಒಳಗೆ ಚಾಚಿಕೊಳ್ಳದ ಹಾಗೆ ನೋಡಿಕೊಳ್ಳಲು ಹೇಳಿ. ಚಾಚಿದ ತುದಿ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸಿಬಿಡುತ್ತದೆ. ಹೆಡ್ ಇಳಿಸಿದರೆ ಅದರ ಅಡಿಯ ಗ್ಯಾಸ್ಕೆಟ್ (ಸಂದಿ ಮುಚ್ಚುವ ಹಾಳೆ) ಹೊಸದೇ ಹಾಕಿಸಿ. ಅಂಟು ಹಚ್ಚಿ ಪ್ಲಗ್ ಕೂರಿಸುತ್ತೇನೆ ಅಂದವರಿಗೆ ಕಾರು ಕೊಡಬೇಡಿ.

ಪ್ಲಗ್ ಒಳಗೇ ಮುರಿದು, ಪಿಂಗಾಣಿ ಚೂರಾದರೂ ಹೆಡ್ ಇಳಿಸುವುದೇ ಸರಿ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವಾಗುತ್ತದೆ.

ಹೊಸ ಪ್ಲಗ್ ಹಾಕುವಾಗ ಇಂಜಿನ್ ಪೂರ್ತಿ ತಣ್ಣಗಿರಲಿ. ಅರ್ಧ ಅಡಿ ರಬ್ಬರ್ ಪೈಪನ್ನು ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ, ಬೆರಳಲ್ಲಿ ಪೈಪ್ ತಿರುಗಿಸುತ್ತಾ ಕೂರಿಸಿ. ಥ್ರೆಡ್ ಅಡ್ಡ ಬಿದ್ದರೆ ಪೈಪ್ ಜಾರುತ್ತದೆ, ಹೆಡ್ಡಿಗೆ ಏನೂ ಆಗುವುದಿಲ್ಲ. ಬೆರಳಲ್ಲಿ ಪೂರ್ತಿ ಕೂತ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಅಷ್ಟೇ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇದ್ದರೆ 25ರಿಂದ 30 ನ್ಯೂಟನ್ ಮೀಟರ್. ಹಳೆ ಪ್ಲಗ್ಗೇ ವಾಪಸ್ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ. ಜಾರುವ ಥ್ರೆಡ್ಡಿನಲ್ಲಿ ನಮಗೆ ಗೊತ್ತಾಗದೇ ಬಿಗಿ ಜಾಸ್ತಿಯಾಗಿಬಿಡುತ್ತದೆ. ಇನ್ನು ವರ್ಷಕ್ಕೊಮ್ಮೆಯಾದರೂ ಮೂರೂ ಪ್ಲಗ್ ಬಿಚ್ಚಿ ನೋಡಿ.

ಇನ್ನೊಂದು ವಿಷಯ. ಎರಡು ಪ್ಲಗ್ ಸಲೀಸಾಗಿ ಬಂದು ನಡುವಿನದೊಂದೇ ಹಿಡ್ಕೊಂಡಿದೆ ಅಂದ್ರಿ. ಹೊರಬಂದ ಮೇಲೆ ಅದನ್ನು ಬಿಸಾಡದೆ ಮೇಲ್ಭಾಗ ನೋಡಿ. ಅಲ್ಲಿ ಬಿಳಿ ಪುಡಿ ಜಾಸ್ತಿ ಇದ್ದರೆ ನೀರು ಆ ಗುಂಡಿಗೇ ಬಿದ್ದು ನಿಂತಿತ್ತು ಅಂತ ಲೆಕ್ಕ. ಶೆಡ್ಡಿನೊಳಗೆ ನಿಂತು, ಬಾನೆಟ್ಟಿನ ನೇರಕ್ಕೆ ತಲೆಯೆತ್ತಿ ಶೀಟಿನಲ್ಲಿ ಬೆಳಕು ಕಾಣುತ್ತದಾ ನೋಡಿ. ಕಂಡರೆ ಈ ಮಳೆಗಾಲಕ್ಕೆ ಮೊದಲೇ ಮುಚ್ಚಿಸಿಬಿಡಿ.